ಕಡಲಿನ ಸಣ್ಣ ಸುಳಿಗಳು, ಅದರೊಳಗಿನ ಪ್ಲಾಂಕ್ಟನ್: ಸಾಗರ ಪೇಟೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರ ಹೆಸರೇ ಸಾಗರ. ಆದರೆ ಆ ಹೆಸರು ಬಂದದ್ದು ಕಡಲಿನಿಂದಲ್ಲ, ಕೆಳದಿ ಅರಸರ ಕಾಲದ ಸದಾಶಿವಸಾಗರ ಕೆರೆಯಿಂದ. ಈಗ ಅದನ್ನು ಗಣಪತಿ ಕೆರೆ ಅನ್ನುತ್ತೇವೆ. ಉಪ್ಪುನೀರು ನೋಡಬೇಕೆಂದರೆ ಜೋಗ ದಾಟಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಸೇರಬೇಕು. ಅದು ನನ್ನ ಹೆಂಡತಿಯ ತವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹಬ್ಬಕ್ಕೆ ಅಂತ ಹೋದಾಗಲೆಲ್ಲ ಒಂದು ಬಾಟಲಿ ಕಡಲ ನೀರು ತಂದು ಮೈಕ್ರೋಸ್ಕೋಪಿನ ಕೆಳಗಿಡುವುದು ಚಟವಾಗಿಬಿಟ್ಟಿದೆ. ಅದನ್ನು ನೋಡಿದ ಮಕ್ಕಳು, ಅವರ ಅಪ್ಪ ಅಮ್ಮ, ಅಡಿಕೆ ಸುಲಿಯಲು ಕೂತವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು.

ಪ್ಲಾಂಕ್ಟನ್ ಅಂದ್ರೆ ಪಾಚಿನಾ, ಹುಳಾನಾ?

ಎರಡೂ ಹೌದು. ಹರಿವಿಗೆ ಎದುರು ಈಜಿ ಗೆಲ್ಲಲಾಗದೆ, ನೀರು ಒಯ್ದಲ್ಲಿಗೆ ಹೋಗುವ ಜೀವಿಗಳಿಗೆಲ್ಲ ಸೇರಿ ಇದೊಂದು ಹೆಸರು. 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ಇಟ್ಟದ್ದು. ಗ್ರೀಕ್ ಮೂಲದ ಅರ್ಥ ‘ಅಲೆಮಾರಿ’. ಬಿಸಿಲಿನಲ್ಲಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವವು ಸಸ್ಯ ಪ್ಲಾಂಕ್ಟನ್. ಅವನ್ನು ಮೇಯುವವು ಪ್ರಾಣಿ ಪ್ಲಾಂಕ್ಟನ್. ಗಾತ್ರ ನೋಡಿ ಹೆಸರು ಕೊಟ್ಟದ್ದಲ್ಲ, ಹಾಗಾಗಿ ತಟ್ಟೆಯಷ್ಟಗಲದ ಲೋಳೆಮೀನು ಕೂಡ ಪ್ಲಾಂಕ್ಟನ್ನೇ.

ಭೂಮಿಯ ಮೇಲಿನ ಹಸಿರೆಲ್ಲ ಸೇರಿ ವರ್ಷಕ್ಕೆ ಹಿಡಿದಿಡುವ ಇಂಗಾಲದಲ್ಲಿ ಸುಮಾರು ಅರ್ಧ ಪಾಲು ಕಡಲಿನ ಈ ಸಣ್ಣ ಸಸ್ಯಗಳದ್ದು. ನಮ್ಮ ಘಟ್ಟದ ಕಾಡು, ಅಮೆಜಾನ್ ಕಾಡು, ಹೊಲ ಗದ್ದೆ ತೋಟ ಎಲ್ಲ ಒಟ್ಟಾಗಿ ಇನ್ನರ್ಧ.

ನೀರು ಒಯ್ದಲ್ಲಿಗೆ ಹೋಗ್ತವೆ ಅಂದ್ಮೇಲೆ ಕಡಲಿನ ದೊಡ್ಡ ಪ್ರವಾಹ ತಿಳ್ಕೊಂಡ್ರೆ ಸಾಕಲ್ವಾ? ಸಣ್ಣ ಸುಳಿ ಯಾಕೆ?

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇಲ್ಲಿ ನೋಡಬೇಕಾದ್ದು ಸಮಯವನ್ನು.

ಸಸ್ಯ ಪ್ಲಾಂಕ್ಟನ್ನಿನ ಒಂದು ಕೋಶ ಹೆಚ್ಚುಕಮ್ಮಿ ದಿನಕ್ಕೊಂದು ಸಲ ಒಡೆದು ಎರಡಾಗುತ್ತದೆ. ಕಡಲನ್ನೇ ಸುತ್ತುವ ದೊಡ್ಡ ಪ್ರವಾಹಕ್ಕೆ ಒಂದು ಸುತ್ತು ಮುಗಿಸಲು ವರ್ಷಗಳೇ ಬೇಕು. ಅಷ್ಟರಲ್ಲಿ ಪ್ಲಾಂಕ್ಟನ್ನಿನ ನೂರಾರು ತಲೆಮಾರು ಕಳೆದಿರುತ್ತದೆ. ದಡಕ್ಕೆ ಬಡಿಯುವ ಅಲೆಯದ್ದು ಕೆಲವೇ ಸೆಕೆಂಡಿನ ಆಟ. ನಡುವೆ ಇರುವುದು ಒಂದರಿಂದ ಹತ್ತು ಕಿಲೋಮೀಟರ್ ಅಗಲದ ಸುಳಿ ಮತ್ತು ಎಳೆಗಳು. ಇವು ಒಂದು ದಿನದಿಂದ ಒಂದೆರಡು ವಾರದೊಳಗೆ ಹುಟ್ಟಿ ಸಾಯುತ್ತವೆ. ಪ್ಲಾಂಕ್ಟನ್ನಿನ ಬದುಕಿನ ಅಳತೆಯೂ ಅದೇ. ಸುಳಿಯೊಂದು ಗೊಬ್ಬರದ ನೀರನ್ನು ತಂದು ಒಂದು ಕಡೆ ನಿಲ್ಲಿಸಿದರೆ, ಅದು ಕದಡಿ ಹೋಗುವುದರೊಳಗೆ ಅಲ್ಲಿ ನಾಲ್ಕೈದು ತಲೆಮಾರು ಹುಟ್ಟಿ ನೀರು ಹಸಿರಾಗಿರುತ್ತದೆ. ಅಲ್ಲಿಂದ ಎರಡು ಕಿಲೋಮೀಟರ್ ಆಚೆ ಬರೀ ನೀಲಿ ನೀರು. ಹಡಗಿನಲ್ಲಿ ಹೋಗಿ ಎಲ್ಲಿ ಬಾಟಲಿ ಅದ್ದುತ್ತೀರಿ ಅನ್ನುವುದರ ಮೇಲೆ ಕಡಲು ತೋಟವೋ ಮರುಭೂಮಿಯೋ ಅನ್ನುವುದು ನಿಂತಿದೆ.

ಕಡಲ ನೀರು ಎಲ್ಲ ಕಡೆ ಬೆರೆತು ಒಂದೇ ಥರ ಇರಲ್ವಾ?

ಅಡಿಕೆ ಬೇಯಿಸಿದ ಹಂಡೆಯ ಚೊಗರು ನೋಡಿದ್ದೀರಲ್ಲ, ಗಟ್ಟಿ ಕೆಂಪು ಕಂದು ಬಣ್ಣದ್ದು. ಅದರ ಒಂದು ಚೊಂಬನ್ನು ಹಳ್ಳದ ಮಡುವಿಗೆ ಸುರಿದು ನೋಡಿ. ಕೂಡಲೇ ಬೆರೆಯುವುದಿಲ್ಲ. ಮೊದಲು ಒಂದು ಮುದ್ದೆ. ಆಮೇಲೆ ಅದು ಉದ್ದವಾಗುತ್ತದೆ, ಬಳುಕುತ್ತದೆ, ಮಡಚಿಕೊಳ್ಳುತ್ತದೆ. ಮಡಚಿದ್ದು ಮತ್ತೆ ಉದ್ದವಾಗುತ್ತದೆ. ಕೊನೆಗೆ ನೂಲಿನಂಥ ಎಳೆಗಳು, ಎಳೆಗಳ ನಡುವೆ ತಿಳಿನೀರು. ಎಳೆ ಕೂದಲಿನಷ್ಟು ತೆಳುವಾದ ಮೇಲೆಯೇ ನಿಜವಾದ ಬೆರೆಯುವಿಕೆ.

ಕಡಲಿನಲ್ಲೂ ಆಗುವುದು ಇದೇ. ಚೊಗರಿನ ಜಾಗದಲ್ಲಿ ಹಸಿರು ಪ್ಲಾಂಕ್ಟನ್, ಹಳ್ಳದ ಮಡುವಿನ ಜಾಗದಲ್ಲಿ ಅರಬ್ಬೀ ಸಮುದ್ರ. ಉಪಗ್ರಹದ ಚಿತ್ರದಲ್ಲಿ ಈ ಎಳೆಗಳು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಕಾಣುತ್ತವೆ. ಆದರೆ ಒಂದು ವ್ಯತ್ಯಾಸ ಇದೆ. ಚೊಗರು ಸುಮ್ನೆ ತೆಳುವಾಗುತ್ತಾ ಹೋಗುತ್ತದೆ. ಪ್ಲಾಂಕ್ಟನ್ ಎಳೆಯೊಳಗೇ ಬೆಳೆಯುತ್ತದೆ, ಅಲ್ಲೇ ಮೇಯಿಸಿಕೊಳ್ಳುತ್ತದೆ ಕೂಡ.

ಗೊಬ್ಬರ ಗೊಬ್ಬರ ಅಂತೀರಿ, ಕಡಲಿಗೆ ಯಾರು ಗೊಬ್ಬರ ಹಾಕ್ತಾರೆ ಮೇಷ್ಟ್ರೇ?

ಇದನ್ನು ಕೇಳಿದವರು ಪಕ್ಕದ ಮನೆಯ ತೋಟದವರು. ಹಾಗಾಗಿ ತೋಟದ ಲೆಕ್ಕದಲ್ಲೇ ಹೇಳಿದೆ. ನಾವು ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿದು, ಹೊರೆ ಹೊತ್ತು ಕೆಳಗಿನ ತೋಟಕ್ಕೆ ಇಳಿಸುತ್ತೇವೆ. ಕಡಲಿನಲ್ಲಿ ಉಲ್ಟಾ. ತೋಟ ಮೇಲಿದೆ, ಬೆಟ್ಟ ಕೆಳಗಿದೆ. ಬಿಸಿಲು ಬೀಳುವುದು ಮೇಲಿನ ಪದರಕ್ಕೆ ಮಾತ್ರ. ತಿಳಿ ಕಡಲಿನಲ್ಲೂ ಸುಮಾರು 200 ಮೀಟರ್ ಆಳದವರೆಗೆ, ಮಳೆಗಾಲದ ಕೆಸರು ಕರಾವಳಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಸತ್ತ ಜೀವಿಗಳು, ಅವುಗಳ ಹಿಕ್ಕೆ ಎಲ್ಲ ಕೆಳಗಿನ ಕತ್ತಲಿಗೆ ಮುಳುಗಿ ಅಲ್ಲೇ ಕೊಳೆಯುತ್ತವೆ. ನೈಟ್ರೇಟ್, ಫಾಸ್ಫೇಟ್ ಕೂಡಿಬೀಳುವುದು ಅಲ್ಲಿ. ಅದನ್ನು ಬಿಸಿಲಿಗೆ ಹೊತ್ತು ತರಬೇಕು.

‘ತಾನಾಗಿ ಮೇಲೆ ಬರಲ್ವಾ, ಸಕ್ಕರೆ ಕರಗಿದ ಹಾಗೆ?’ ಅಂದರು. ಸಕ್ಕರೆ ಬೇಗ ಬೆರೆಯುವುದು ನಾವು ಚಮಚ ತಿರುಗಿಸುವುದರಿಂದ. ಹತ್ತು ಸೆಂಟಿಮೀಟರ್ ಎತ್ತರದ ಲೋಟದ ನೀರು ಒಂಚೂರೂ ಅಲ್ಲಾಡದೆ ನಿಂತರೆ, ತಳದ ಸಿಹಿ ಮೇಲೆ ಬರಲು ತಿಂಗಳುಗಟ್ಟಲೆ ಬೇಕು. ಒಂದು ಮೀಟರ್ ಅಂದರೆ ದಶಕಗಳ ಮಾತು. ಒಂದು ಮಿಲಿಮೀಟರ್ ಆದರೆ ಕೆಲವು ನಿಮಿಷ ಸಾಕು. ನೂರು ಮೀಟರ್ ಕೆಳಗಿನ ಗೊಬ್ಬರ ತಾನಾಗಿ ಮೇಲೆ ಬರಲಿ ಅಂತ ಕೂತರೆ ಕಡಲೆಲ್ಲ ಬರಡಾದೀತು. ಚಮಚ ತಿರುಗಿಸುವ ಕೆಲಸ ಸುಳಿಗಳದ್ದು.

ಸುಳಿ ಅಡ್ಡಡ್ಡ ತಿರುಗುತ್ತದೆ. ಅದು ನೀರನ್ನ ಮೇಲಕ್ಕೆ ಹೇಗೆ ಎತ್ತುತ್ತೆ?

ಒಂದು ಕಡೆ ಬೆಚ್ಚಗಿನ ಹಗುರ ನೀರು, ಪಕ್ಕದಲ್ಲಿ ತಣ್ಣಗಿನ ಭಾರದ ನೀರು ಇದ್ದರೆ ನಡುವೆ ಒಂದು ಅಂಚು ಹುಟ್ಟುತ್ತದೆ. ಸುಳಿಗಳು ಈ ಅಂಚನ್ನು ಎರಡೂ ಕಡೆಯಿಂದ ಎಳೆದು ಬಿಗಿ ಮಾಡುತ್ತವೆ. ಬಿಗಿಯಾದ ಅಂಚು ತುಂಬ ಹೊತ್ತು ಹಾಗೇ ನಿಲ್ಲುವುದಿಲ್ಲ. ಭಾರದ ನೀರು ಕೆಳಗೆ ನುಸುಳುತ್ತದೆ, ಹಗುರದ್ದು ಅದರ ಮೇಲೆ ಹರಡಿಕೊಳ್ಳುತ್ತದೆ. ಈ ಜಾರಾಟದಲ್ಲಿ ಅಂಚಿನ ಒಂದು ಬದಿ ನೀರು ಇಳಿಯುತ್ತದೆ, ಇನ್ನೊಂದು ಬದಿ ಏರುತ್ತದೆ. ದಿನಕ್ಕೆ ಹತ್ತಾರು ಮೀಟರ್, ಕೆಲವು ಕಡೆ ನೂರು ಮೀಟರಿನವರೆಗೂ. ನಮ್ಮ ಅಡಿಕೆ ಮರ ಹದಿನೈದು ಮೀಟರ್ ಅಂತಿಟ್ಟುಕೊಂಡರೆ, ದಿನಕ್ಕೆ ನಾಲ್ಕಾರು ಮರದೆತ್ತರ.

ಎತ್ತುವುದೊಂದೇ ಅಲ್ಲ, ಪ್ಲಾಂಕ್ಟನ್ ಮುಳುಗದಂತೆ ಹಿಡಿದುಕೊಳ್ಳುವ ಕೆಲಸವೂ ಸುಳಿಯದ್ದೇ. ಅಟ್ಲಾಂಟಿಕ್ಕಿನ ಉತ್ತರ ಭಾಗದಲ್ಲಿ ಚಳಿಗಾಲದ ಬಿರುಗಾಳಿ ನೀರನ್ನು ಆಳದವರೆಗೆ ಕದಡಿರುತ್ತದೆ. ಪ್ಲಾಂಕ್ಟನ್ ಬಿಸಿಲಿಗೂ ಕತ್ತಲಿಗೂ ಓಲಾಡುತ್ತಾ ಬೆಳೆಯಲಾರದೆ ಇರುತ್ತದೆ. ವಸಂತದ ಬಿಸಿಲು ಮೇಲ್ಪದರ ಕಾಯಿಸಿದ ಮೇಲೆಯೇ ಹಸಿರು ಉಕ್ಕುತ್ತದೆ ಎಂದು ಬಹಳ ಕಾಲ ನಂಬಿದ್ದರು. 2008ರಲ್ಲಿ ವಿಜ್ಞಾನಿಗಳು ಐಸ್‌ಲ್ಯಾಂಡಿನ ದಕ್ಷಿಣದ ಕಡಲಿನಲ್ಲಿ ತೇಲುಯಂತ್ರಗಳನ್ನು ಬಿಟ್ಟು ಅಳೆದರು. ಭಾರತ ಮೂಲದ ಅಮಲಾ ಮಹಾದೇವನ್ ಮತ್ತು ಜೊತೆಗಾರರು ಅದರ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದರು. ಬಿಸಿಲಿಗಿಂತ ಮೊದಲೇ ಸುಳಿಗಳು ಹಗುರ ನೀರನ್ನು ಭಾರದ ನೀರಿನ ಮೇಲೆ ಜಾರಿಸಿ ತೆಳು ಪದರ ಕಟ್ಟಿದ್ದವು. ಪ್ಲಾಂಕ್ಟನ್ ಆ ಪದರದಲ್ಲಿ, ಬೆಳಕಿನ ಹತ್ತಿರ ಉಳಿಯಿತು. ಹಸಿರು 20ರಿಂದ 30 ದಿನ ಮುಂಚೆಯೇ ಬಂತು. ನನಗಂತೂ ಈ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ ಇದು. ಮಳೆ ತಿಂಗಳು ಮುಂಚೆ ಬಂದರೆ ನಮ್ಮ ನಾಟಿ ಲೆಕ್ಕಾಚಾರ ಏನಾಗುತ್ತೆ ಹೇಳಿ!

ಶರಾವತಿ ಹಿನ್ನೀರಲ್ಲಿ ಗಾಳಿ ಬೀಸಿದಾಗ ನೊರೆ ಸಾಲು ಸಾಲಾಗಿ ನಿಲ್ಲುತ್ತಲ್ಲ, ಅದೂ ಇದೇನಾ?

ಅದು ಇದರ ಚಿಕ್ಕ ತಮ್ಮ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದವರೆಲ್ಲ ಈ ಸಾಲುಗಳನ್ನು ನೋಡಿರುತ್ತಾರೆ. ಈಗ ಸೇತುವೆ ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಬಸ್ಸು ನಿಲ್ಲಿಸುವುದಿಲ್ಲ.

ಒಮ್ಮೆ ನೆಂಟರ ತೆಪ್ಪದಲ್ಲಿ ಹೋಗಿದ್ದಾಗ ಕೈಯಲ್ಲಿದ್ದ ಮಂಡಕ್ಕಿಯ ಒಂದು ಹಿಡಿಯನ್ನು ನೀರಿಗೆ ಎರಚಿದೆ. ಸುಮಾರಾದ ಗಾಳಿ ಇತ್ತು. ಮಂಡಕ್ಕಿ ಮೊದಲು ಹೇಗೆ ಬೇಕೋ ಹಾಗೆ ಚೆಲ್ಲಾಪಿಲ್ಲಿ. ಸ್ವಲ್ಪ ಹೊತ್ತಿಗೆ ಒಂದೊಂದೇ ಕಾಳು ಎಡಕ್ಕೋ ಬಲಕ್ಕೋ ಸರಿಯತೊಡಗಿತು. ಕೆಲವೇ ನಿಮಿಷದಲ್ಲಿ ಎಲ್ಲ ಹೋಗಿ ನೊರೆ, ಒಣ ಎಲೆ, ಕಡ್ಡಿಗಳಿದ್ದ ಗೆರೆಗಳಲ್ಲಿ ಸೇರಿಕೊಂಡವು. ಗೆರೆಗಳೆಲ್ಲ ಗಾಳಿಯ ದಿಕ್ಕಿಗೇ. ನಡುವಿನ ನೀರು ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ತೆಪ್ಪ ನಡೆಸುತ್ತಿದ್ದವರು ‘ತಿನ್ನೋ ಮಂಡಕ್ಕಿ ಹಾಳು ಮಾಡ್ತೀರಲ್ಲ ಭಾವ’ ಅಂದರು. ಅದೂ ನ್ಯಾಯವೇ.

ಮೇಲ್ಪದರದ ನೀರು ಗಾಳಿಯ ದಿಕ್ಕಿನಲ್ಲಿ ಉದ್ದುದ್ದ ಉರುಳೆಗಳಾಗಿ ಸುತ್ತುತ್ತಿರುತ್ತದೆ. ಪಕ್ಕಪಕ್ಕದ ಎರಡು ಉರುಳೆ ಒಂದಕ್ಕೊಂದು ವಿರುದ್ಧ ತಿರುಗುತ್ತವೆ. ಎರಡು ಸೇರುವಲ್ಲಿ ನೀರು ಕೆಳಗಿಳಿಯುತ್ತದೆ. ತೇಲುವ ವಸ್ತು ಇಳಿಯಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. 1927ರಲ್ಲಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಾಗ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಅಮೆರಿಕದ ವಿಜ್ಞಾನಿ ಸಾರ್ಗಾಸಮ್ ಎಂಬ ಕಡಲಕಳೆ ಹೀಗೆ ಸಾಲಾಗಿ ನಿಂತದ್ದನ್ನು ಕಂಡರು. ಊರಿಗೆ ಹೋಗಿ ನ್ಯೂಯಾರ್ಕಿನ ಜಾರ್ಜ್ ಸರೋವರದಲ್ಲಿ ಪ್ರಯೋಗ ಮಾಡಿ 1938ರಲ್ಲಿ ಬರೆದರು. ಮಧ್ಯೆ 1932ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಕೂಡ ಬಂತು, ಅದು ಬೇರೆ ಕೆಲಸಕ್ಕೆ.

ಪ್ಲಾಂಕ್ಟನ್ನಿಗೆ ಇದರಿಂದ ಏನು? ತೇಲುವ ಜಾತಿಗಳು ನೊರೆಯ ಗೆರೆಯಲ್ಲಿ ಗುಂಪಾಗುತ್ತವೆ. ನಿಧಾನವಾಗಿ ಮುಳುಗುವ ಜಾತಿಗಳು ಗೆರೆಗಳ ನಡುವೆ, ನೀರು ಮೇಲೇಳುವಲ್ಲಿ ತಳಕ್ಕೆ ಬೀಳದೆ ಸುತ್ತುತ್ತಿರುತ್ತವೆ. ಒಂದೇ ಗಾಳಿ ಎರಡು ಪಂಗಡವನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುತ್ತದೆ.

ಅಷ್ಟು ಸಣ್ಣ ಜೀವಿಗೆ ನೀರು ನಮಗೆ ಅನಿಸಿದ ಹಾಗೇ ಅನಿಸುತ್ತಾ?

ಇಲ್ಲ. ಅವಕ್ಕೆ ನೀರು ಜೇನುತುಪ್ಪ. ನಾವು ಈಜುವಾಗ ಕೈ ನಿಲ್ಲಿಸಿದರೂ ಸ್ವಲ್ಪ ಮುಂದೆ ಜಾರುತ್ತೇವೆ. ಬ್ಯಾಕ್ಟೀರಿಯಾ ಬಾಲ ಆಡಿಸುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಹೋಗುವುದಿಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1970ರ ದಶಕದಲ್ಲಿ ಉಪನ್ಯಾಸವೊಂದರಲ್ಲಿ ಹಾಕಿದ ಲೆಕ್ಕ ಅದು.

ಸುಳಿಗೂ ಒಂದು ಕನಿಷ್ಠ ಗಾತ್ರ ಇದೆ. ಕಡಲಿನಲ್ಲಿ ಅದು ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನ ಆಸುಪಾಸು. ಅದಕ್ಕಿಂತ ಕೆಳಗೆ ಸುಳಿ ಇಲ್ಲ, ಪದರ ಪದರವಾಗಿ ಜರುಗುವುದು ಮಾತ್ರ. ಹೆಚ್ಚಿನ ಸಸ್ಯ ಪ್ಲಾಂಕ್ಟನ್ ಇದಕ್ಕಿಂತಲೂ ಚಿಕ್ಕವು. ಹಾಗಾಗಿ ನೀರು ಕದಡಿದರೆ ತೀರಾ ಸಣ್ಣ ಕೋಶಗಳಿಗೆ ಊಟ ಹೆಚ್ಚೇನೂ ಸಿಗುವುದಿಲ್ಲ. ಡಯಾಟಮ್ ಎಂಬ ಗಾಜಿನ ಚಿಪ್ಪಿನ ಸಸ್ಯ ಪ್ಲಾಂಕ್ಟನ್ನಿನಲ್ಲಿ ದೊಡ್ಡವಕ್ಕೆ ಲಾಭ, ಅವುಗಳ ಸುತ್ತ ಗೊಬ್ಬರ ಖಾಲಿಯಾದ ನೀರು ಬದಲಾಗುತ್ತದೆ.

ಅವು ಸುಮ್ನೆ ಒಯ್ಯಿಸಿಕೊಳ್ತವಾ, ಏನೂ ಮಾಡಲ್ವಾ?

ಮಾಡುತ್ತವೆ, ಅದೂ ಬಹಳ ಜಾಣತನದಿಂದ. ಈಜುವ ಬಾಲವಿರುವ ಕೆಲವು ಪಾಚಿಕೋಶಗಳು ತಂಜಾವೂರು ಗೊಂಬೆಯ ಹಾಗೆ, ಬುಡ ಭಾರ. ಎತ್ತ ಬೀಳಿಸಿದರೂ ತಲೆ ಮೇಲೆ ಮಾಡಿಕೊಂಡು ಬೆಳಕಿನ ಕಡೆ ಏರುತ್ತವೆ. ದಾರಿಯಲ್ಲಿ ಪದರಗಳು ಜೋರಾಗಿ ಜರುಗುವ ಜಾಗ ಸಿಕ್ಕರೆ ಗೊಂಬೆ ಲಾಗ ಹೊಡೆಯುತ್ತಲೇ ಇರುತ್ತದೆ. ದಿಕ್ಕು ತಪ್ಪುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಕೆಳಗಿನಿಂದ ಬಂದವೆಲ್ಲ ಹೀಗೆ ಒಂದೇ ಕಡೆ ಜಮಾಯಿಸುತ್ತವೆ. ಕಡಲಿನಲ್ಲಿ ಒಂದೆರಡು ಗೇಣಿನಿಂದ ಕೆಲವು ಮೀಟರ್ ದಪ್ಪದ, ಆದರೆ ಕಿಲೋಮೀಟರುಗಟ್ಟಲೆ ಹಬ್ಬಿದ ತೆಳು ಹಸಿರು ಹಾಸು ಸಿಗುವುದಕ್ಕೆ ಇದೂ ಒಂದು ಕಾರಣ ಎಂದು ವಿಜ್ಞಾನಿಗಳು 2009ರಲ್ಲಿ ತೋರಿಸಿದರು.

ಇನ್ನೂ ಸೋಜಿಗದ್ದು 2017ರದ್ದು. ಹೆಟೆರೋಸಿಗ್ಮಾ ಎಂಬ ಜಾತಿಯ ಕೋಶಗಳನ್ನು ಅನುಪಮ್ ಸೇನ್‌ಗುಪ್ತಾ ಮತ್ತು ಜೊತೆಗಾರರು ಒಂದು ಡಬ್ಬಿಯಲ್ಲಿಟ್ಟು ಮತ್ತೆ ಮತ್ತೆ ತಲೆಕೆಳಗು ಮಾಡಿದರು, ಸುಳಿಗೆ ಸಿಕ್ಕ ಹಾಗೆ. ಹತ್ತಾರು ನಿಮಿಷದೊಳಗೆ ಗುಂಪು ಎರಡಾಯಿತು. ಒಂದು ಪಾಲು ಮೇಲೇ ಹೋಗುತ್ತಿತ್ತು, ಇನ್ನೊಂದು ಕೆಳಕ್ಕೆ ತಿರುಗಿತ್ತು. ಕೆಳಕ್ಕೆ ತಿರುಗಿದವು ತಮ್ಮ ಮೈಯ ಆಕಾರವನ್ನೇ ಚೂರು ಬದಲಿಸಿಕೊಂಡಿದ್ದವು. ಎಲ್ಲ ಅಡಿಕೆಯನ್ನೂ ಒಂದೇ ದಿನ ಮಂಡಿಗೆ ಹಾಕದೆ ಅರ್ಧ ಇಟ್ಟುಕೊಳ್ಳುವವರು ನಮ್ಮಲ್ಲೂ ಇದ್ದಾರಲ್ಲ.

ಮೇಯುವವುಗಳಲ್ಲಿ ಕೋಪೆಪಾಡ್ ಅಂತ ಒಂದು, ಹೆಚ್ಚಿನವು ಒಂದೆರಡು ಮಿಲಿಮೀಟರ್. ಉದ್ದ ಮೀಸೆಯ ರೋಮಗಳಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ತಿಳಿಯುತ್ತದೆ. ಮೀನಿನ ಬಾಯಿ ಹತ್ತಿರ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಚಿಮ್ಮಿಬಿಡುತ್ತದೆ. ನೀರು ಜಾಸ್ತಿ ಕದಡಿದ್ದರೆ ಮಾತ್ರ ಯಾವುದು ಬರೀ ಸುಳಿ, ಯಾವುದು ಶತ್ರು ಅಂತ ತಿಳಿಯುವುದು ಕಷ್ಟ. ಮರಿಮೀನಿಗೂ ಹಾಗೇ. ಹದವಾಗಿ ಕದಡಿದರೆ ಬೇಟೆ ಹೆಚ್ಚು ಎದುರಾಗುತ್ತದೆ. ಅತಿಯಾದರೆ ಬಾಯಿ ಹಾಕುವುದರೊಳಗೆ ಬೇಟೆ ಕೊಚ್ಚಿಹೋಗಿರುತ್ತದೆ.

ಒಂದೇ ನೀರು, ಒಂದೇ ಊಟ. ಗಟ್ಟಿಯಾದ ಒಂದು ಜಾತಿ ಉಳಿದು ಬೇರೆಲ್ಲ ಸಾಯಬೇಕಲ್ವಾ?

ಇದೇ ಪ್ರಶ್ನೆಯನ್ನು 1961ರಲ್ಲಿ ಪರಿಸರ ವಿಜ್ಞಾನಿ ಜಿ. ಎವೆಲಿನ್ ಹಚಿನ್ಸನ್ ಕೇಳಿದ್ದರು. ‘ಪ್ಲಾಂಕ್ಟನ್ನಿನ ವಿರೋಧಾಭಾಸ’ ಅಂತಲೇ ಅದಕ್ಕೆ ಹೆಸರು. ನೀರು ಯಾವತ್ತೂ ಒಂದು ಸ್ಥಿತಿಯಲ್ಲಿ ನಿಲ್ಲುವುದಿಲ್ಲ, ಒಬ್ಬ ಗೆಲ್ಲುವುದರೊಳಗೆ ಆಟದ ನಿಯಮವೇ ಬದಲಾಗುತ್ತದೆ ಅನ್ನುವುದು ಅವರು ಕೊಟ್ಟ ಉತ್ತರ. ಸುಳಿಗಳು ಕಡಲನ್ನು ಬೇರೆ ಬೇರೆ ಕೋಣೆಗಳಾಗಿ ಕತ್ತರಿಸುತ್ತವೆ, ಗೋಡೆಗಳನ್ನು ದಿನಾ ಸರಿಸುತ್ತವೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಕದಡಿದ, ಗೊಬ್ಬರವಿರುವ ನೀರಿನಲ್ಲಿ ಗಾಜಿನ ಚಿಪ್ಪಿನ ಡಯಾಟಮ್‌ಗಳು. ಶಾಂತವಾದ, ಗೊಬ್ಬರ ಕಡಿಮೆಯಾದ ನೀರಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಈಜಬಲ್ಲ ಕೋಶಗಳು. ಈ ಲೆಕ್ಕವನ್ನು 1978ರಲ್ಲಿ ರಮೋನ್ ಮಾರ್ಗಲೆಫ್ ಎಂಬ ವಿಜ್ಞಾನಿ ಒಂದೇ ಚಿತ್ರದಲ್ಲಿ ಬರೆದು ತೋರಿಸಿದರು.

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಏನಾಗುತ್ತೆ? ಬೂತಾಯಿಗೂ ಇದಕ್ಕೂ ಸಂಬಂಧ ಇದ್ಯಾ?

ನೇರ ಸಂಬಂಧ ಇದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆ ತಳ್ಳುತ್ತವೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಗೊಬ್ಬರದ ಸಮೇತ ಏರುತ್ತದೆ. ಇದು ಕೇರಳದ ಕಡೆ ಜೋರು, ಉತ್ತರಕ್ಕೆ ಬಂದಂತೆ ಕಡಿಮೆ. ಏರಿದ ನೀರು ಕಂಬಳಿ ಹಾಸಿದ ಹಾಗೆ ಸಮವಾಗಿ ಹರಡುವುದಿಲ್ಲ. ಮತ್ತೆ ಅದೇ ಎಳೆ, ಅಂಚು, ಸುಳಿ. ಮೀನು ಹುಡುಕುವವರು ನೀರಿನ ಬಣ್ಣ ಬದಲಾಗುವ ಅಂಚನ್ನು ಹುಡುಕುವುದು ಅದಕ್ಕೇ. ಕೆಳಗಿನಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದು ಇದರ ಇನ್ನೊಂದು ಮುಖ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಮೇಲೆ ನಮ್ಮ ಬೀದಿಗೂ ಮೀನು ಮಾರುವವರ ಬೈಕಿನ ಹಾರ್ನು ಕೇಳುತ್ತದೆ. ಒಂದು ಸಲ ಬೂತಾಯಿ (ಹೊನ್ನಾವರದ ಕಡೆ ತಾರ್ಲೆ) ಹಸನು ಮಾಡುವಾಗ ಅದರ ಹೊಟ್ಟೆಯ ಕಂದು ಹಸಿರು ಗಸಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ನೀರಿನ ಹನಿಯಲ್ಲಿ ಕದಡಿ ಶಾಲೆಯ ಮೈಕ್ರೋಸ್ಕೋಪಿಗೆ ಇಟ್ಟೆ. ಒಡೆದ ಬಳೆಚೂರಿನ ಹಾಗೆ ಡಯಾಟಮ್‌ಗಳು. ಕೆಲವು ನಾಣ್ಯದಂತೆ ದುಂಡಗೆ, ಕೆಲವು ರಿಬ್ಬನ್ನಿನಂತೆ ಸಾಲಾಗಿ ಅಂಟಿಕೊಂಡು. ಚಿಪ್ಪಿನ ಮೇಲಿನ ಚುಕ್ಕಿ ಚುಕ್ಕಿ ಕೆತ್ತನೆ ಸ್ಪಷ್ಟವಾಗಿತ್ತು. ಲ್ಯಾಬಿನ ವಾಸನೆ ಎರಡು ದಿನ ಹೋಗಲಿಲ್ಲ. ಸಹೋದ್ಯೋಗಿಗಳು ಇನ್ನೂ ಅದನ್ನು ಎತ್ತಿ ಆಡುತ್ತಾರೆ.

ಆಗುಂಬೆಯಲ್ಲಿ ಬಿದ್ದ ಮಳೆಗೂ ಕಡಲಿನ ಪ್ಲಾಂಕ್ಟನ್ನಿಗೂ ಏನಾದ್ರೂ ಇದ್ಯಾ?

ಹನಿ ಗುಡ್ಡದ ಯಾವ ಮಗ್ಗುಲಿಗೆ ಬಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದರೆ ಸೀತಾನದಿ ಹಿಡಿದು ಬೇಗ ಅರಬ್ಬೀ ಸಮುದ್ರ. ಪೂರ್ವಕ್ಕೆ ಬಿದ್ದರೆ ಮಾಲತಿ, ತುಂಗಾ, ಕೂಡಲಿಯಲ್ಲಿ ಭದ್ರೆ ಸೇರಿ ತುಂಗಭದ್ರಾ, ಆಮೇಲೆ ಕೃಷ್ಣಾ, ಕೊನೆಗೆ ಬಂಗಾಳ ಕೊಲ್ಲಿ. ಅಲ್ಲಿ ದೊಡ್ಡ ನದಿಗಳ ಸಿಹಿನೀರು ಹಗುರವಾದ ಮುಚ್ಚಳದಂತೆ ಉಪ್ಪುನೀರಿನ ಮೇಲೆ ಕೂತಿರುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಕೆಳಗಿನ ಗೊಬ್ಬರ ಮೇಲೆ ಬರುವುದು ಕಷ್ಟ. ಬಂಗಾಳ ಕೊಲ್ಲಿ ಅರಬ್ಬೀ ಸಮುದ್ರದಷ್ಟು ಹಸಿರಾಗದಿರುವುದಕ್ಕೆ ಇದು ಮುಖ್ಯ ಕಾರಣ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಪ್ರವಾಹಗಳು ದಿಕ್ಕು ಬದಲಿಸುತ್ತವೆ. ಕೊಲ್ಲಿಯ ಉಪ್ಪು ಕಡಿಮೆಯ ನೀರು ಶ್ರೀಲಂಕಾವನ್ನು ಸುತ್ತಿ ನಮ್ಮ ಪಶ್ಚಿಮ ಕರಾವಳಿಯ ಗುಂಟ ಉತ್ತರಕ್ಕೆ ಬರುತ್ತದೆ. ಅಂದರೆ ತೀರ್ಥಹಳ್ಳಿಯಲ್ಲಿ ತುಂಗೆಯಾಗಿ ಹರಿದ ನೀರಿನ ಒಂದಿಷ್ಟು ಪಾಲು ದಕ್ಷಿಣ ಭಾರತವನ್ನೇ ಸುತ್ತು ಹಾಕಿ ಹೊನ್ನಾವರದ ಎದುರಿಗೆ ಬಂದು ನಿಂತಿರಬಹುದು. ನಮ್ಮ ಅತ್ತೆಗೆ ಇದನ್ನು ಹೇಳಿದಾಗ ‘ಘಾಟಿ ಇಳಿದಿದ್ರೆ ಅರ್ಧ ದಿನದ ದಾರಿ ಇತ್ತಲ್ಲೋ’ ಅಂದರು.

ರಾತ್ರಿ ಅಲೆ ನೀಲಿ ಹೊಳೆಯೋದು?

ಅದೂ ಪ್ಲಾಂಕ್ಟನ್ನೇ. ಹೆಚ್ಚಾಗಿ ನಾಕ್ಟಿಲೂಕಾ ಎಂಬ ಒಂದೇ ಕೋಶದ ಜೀವಿ. ನೀರು ಅಲುಗಿದಾಗ ಕೋಶ ಮಿಂಚುತ್ತದೆ, ಹಾಗಾಗಿ ಅಲೆ ಒಡೆಯುವಲ್ಲಿ, ಕಾಲಿಟ್ಟಲ್ಲಿ ಬೆಳಕು.

ಇಷ್ಟು ದೊಡ್ಡ ಕಡಲಲ್ಲಿ ಇಷ್ಟು ಸಣ್ಣದ್ದನ್ನ ಹೇಗೆ ಅಳೀತಾರೆ?

ಮೇಲಿನಿಂದ ಉಪಗ್ರಹ. ನಮ್ಮ ಇಸ್ರೋದ ಓಷನ್‌ಸ್ಯಾಟ್ ಸರಣಿ 1999ರಿಂದ ಕಡಲಿನ ಬಣ್ಣ ನೋಡುತ್ತಿದೆ, ಮೂರನೆಯದು 2022ರ ನವೆಂಬರಿನಲ್ಲಿ ಹಾರಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಕಳಿಸಿದ ಸ್ವಾಟ್ ಉಪಗ್ರಹ ನೀರಿನ ಮೇಲ್ಮೈಯ ಏರುತಗ್ಗು ಅಳೆದು ಹಿಂದೆ ಕಾಣದಿದ್ದ ಸಣ್ಣ ಸುಳಿಗಳನ್ನೂ ಹಿಡಿಯುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೀರಿನ ಬಿಸಿ ಮತ್ತು ಹಸಿರು ನೋಡಿ ಮೀನು ಸಿಗಬಹುದಾದ ಜಾಗಗಳನ್ನು ಮೀನುಗಾರರಿಗೆ ತಿಳಿಸುತ್ತದೆ.

ನನಗೆ ಇಷ್ಟವಾದ ಯಂತ್ರ ಮಾತ್ರ ಬೇರೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಅವರ ಪ್ರಯೋಗಾಲಯದಲ್ಲಿ ಮಾಡಿದ್ದು. ನೀರು ತುಂಬಿದ ಉಂಗುರದಂಥ ಚಕ್ರ. ಒಳಗಿನ ಜೀವಿ ಮೇಲೆ ಹೋದರೆ ಚಕ್ರ ಅಷ್ಟೇ ಕೆಳಗೆ ತಿರುಗುತ್ತದೆ. ಅದಕ್ಕೆ ತಾನು ಮೀಟರುಗಟ್ಟಲೆ ಈಜುತ್ತಿದ್ದೇನೆ ಅನಿಸುತ್ತದೆ, ಮೈಕ್ರೋಸ್ಕೋಪಿನ ಮುಂದಿನಿಂದ ಮಾತ್ರ ಕದಲಿರುವುದಿಲ್ಲ.

ಲಿಂಗನಮಕ್ಕಿಯಲ್ಲೂ ಪ್ಲಾಂಕ್ಟನ್ ಇರುತ್ತಾ? ಮನೆಯಲ್ಲೇ ನೋಡಬಹುದಾ?

ಇರುತ್ತದೆ. ಹಿನ್ನೀರು, ಗಣಪತಿ ಕೆರೆ, ನಿಮ್ಮ ತೋಟದ ಹೊಂಡ ಎಲ್ಲದರಲ್ಲೂ. ಹಳೆಯ ನೈಲಾನ್ ಕಾಲುಚೀಲವನ್ನು ತಂತಿಯ ಬಳೆಗೆ ಹೊಲಿದು, ತುದಿಯಲ್ಲಿ ತೂತು ಮಾಡಿ ಒಂದು ಸಣ್ಣ ಬಾಟಲಿ ಕಟ್ಟಿ. ಹಗ್ಗ ಕಟ್ಟಿ ನೀರಿನಲ್ಲಿ ಹತ್ತು ಸಲ ಎಳೆಯಿರಿ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಬಿಳಿ ಚುಕ್ಕಿಗಳು ಜಿಗಿಯುವುದು ಕಾಣುತ್ತದೆ. ನೆಗೆದು ನೆಗೆದು ಹೋಗುವುದು ನೀರುಚಿಗಟ, ಚಿಮ್ಮಿ ತಟ್ಟನೆ ನಿಲ್ಲುವುದು ಕೋಪೆಪಾಡ್. ಮಕ್ಕಳನ್ನು ಒಬ್ಬರೇ ಕೆರೆ ಅಂಚಿಗೆ ಕಳಿಸಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ದಡ ಜಾರುತ್ತದೆ. ನೋಡಿ ಆದ ಮೇಲೆ ಆ ನೀರನ್ನು ತಂದಲ್ಲಿಗೇ ಚೆಲ್ಲಿ, ಬಚ್ಚಲಿಗೆ ಬೇಡ.